ಗ್ಲೋವ್ ಬಾಕ್ಸ್ ಹಿಂದೆ ಏನೈತಿ?

ಕಬ್ಬಿನ ಸೀಸನ್‌ನಲ್ಲಿ ತುಕ್ಕಾನಟ್ಟಿ, ಮೂಡಲಗಿ ಕಡೆ ಕಾರು ಓಡಿಸಿದವರಿಗೆ ಗೊತ್ತು: ಮುಂದೆ ಟ್ರ್ಯಾಕ್ಟರ್ ಸಾಲು, ಧೂಳು, ರವದಿ ಸುಟ್ಟ ಹೊಗೆ. ಒಳಗೆ ಬರುವ ಗಾಳಿಯನ್ನು ಸೋಸುವುದು ಕ್ಯಾಬಿನ್ ಏರ್ ಫಿಲ್ಟರ್. ಬಾನೆಟ್ ಕೆಳಗಿನ ಎಂಜಿನ್ ಫಿಲ್ಟರ್ ಬೇರೆ.

ಹಾಳೆಗೆ ನೆರಿಗೆ ಯಾಕೆ? ಅಷ್ಟೇ ಜಾಗದಲ್ಲಿ ಮೇಲ್ಮೈ ಹೆಚ್ಚು, ಪ್ರೆಷರ್ ಡ್ರಾಪ್ ಕಡಿಮೆ. ಧೂಳು ಕಟ್ಟಿದರೆ ಉಲ್ಟಾ: ಬ್ಲೋವರ್ ಸದ್ದು ಜೋರು, ಗಾಳಿ ಕಮ್ಮಿ. ಮಳೆ, ಚಳಿಯ ರಾತ್ರಿ ಮುಂದಿನ ಗಾಜಿನ ಮಬ್ಬು ಬೇಗ ಹೋಗಲ್ಲ. ಎದುರಿಗೆ ಲೈಟಿಲ್ಲದ ಟ್ರೇಲರ್ ನಿಂತಿದ್ರೆ?

ಬದಲಿಸೋದು ಹತ್ತು ನಿಮಿಷದ ಕೆಲಸ. ಬಹಳಷ್ಟು ಕಾರುಗಳಲ್ಲಿ ಹೀಗೆ:

1. ಎಂಜಿನ್, ಬ್ಲೋವರ್ ಬಂದ್ ಮಾಡಿ. ಗ್ಲೋವ್ ಬಾಕ್ಸ್ ಖಾಲಿ ಮಾಡಿ.
2. ಅದರ ಎರಡೂ ಬದಿ ಒಳಗೆ ಒತ್ತಿ ಕೆಳಗಿಳಿಸಿ. ಪಕ್ಕದಲ್ಲಿ ದಾರದಂಥ ಡ್ಯಾಂಪರ್ ಇದ್ರೆ ಮೊದಲು ಬಿಡಿಸಿ.
3. ಹಿಂದಿನ ಉದ್ದನೆಯ ಮುಚ್ಚಳದ ಕ್ಲಿಪ್ ಒತ್ತಿ ತೆಗೆಯಿರಿ.
4. ಹಳೇ ಫಿಲ್ಟರ್ ಮೆಲ್ಲಗೆ ಎಳೆಯಿರಿ. ಬಾಣದ ಗುರುತು ಯಾವ ಕಡೆ ಇದೆ ನೋಡ್ಕೊಳ್ಳಿ.
5. ಹೊಸದನ್ನು ಬಾಣ ಅದೇ ದಿಕ್ಕಿಗೆ ಬರುವಂತೆ ಕೂಡಿಸಿ. ಅದು ಗಾಳಿ ಹರಿಯುವ ದಿಕ್ಕು.

ಕ್ಲಿಪ್ ಬಿಗಿಯಾಗಿದ್ರೆ ಜಗ್ಗಾಡಬ್ಯಾಡ್ರಿ, ಪ್ಲಾಸ್ಟಿಕ್ ಮುರಿತೈತಿ. ಪೇಪರ್ ಫಿಲ್ಟರ್ ನೀರಲ್ಲಿ ತೊಳೆಯಬೇಡಿ. ಎಷ್ಟು ಕಿ.ಮೀ.ಗೆ ಬದಲಿಸಬೇಕು ಅಂತ ಮ್ಯಾನುಯಲ್‌ನಲ್ಲಿ ಇರುತ್ತೆ. ನಮ್ಮ ಧೂಳಿಗೆ ಅದಕ್ಕಿಂತ ಮೊದಲೇ ತೆಗೆದು ನೋಡೋದು ಒಳ್ಳೇದು.

ಆ್ಯಕ್ಟಿವೇಟೆಡ್ ಕಾರ್ಬನ್ ಇರುವ ಫಿಲ್ಟರ್ ವಾಸನೆಯನ್ನೂ ಸ್ವಲ್ಪ ಹೀರುತ್ತದೆ. ಆದರೆ ಯಾವ ಕ್ಯಾಬಿನ್ ಫಿಲ್ಟರೂ ಕಾರ್ಬನ್ ಮೊನಾಕ್ಸೈಡ್ ತಡೆಯಲ್ಲ. ಹೊಸದು ಹಾಕಿದ್ದೇವೆ ಅಂತ ಎಸಿ ಹಚ್ಚಿ, ನಿಂತ ಕಾರಲ್ಲಿ ಮಲಗಬ್ಯಾಡ್ರಿ.