ನಿಮಗಿದು ಗೊತ್ತೇ? ಬಟನ್ನಿಗೂ ಬೇಕು ವಿಳಾಸ

ಬಟನ್ನು, ಲಿಂಕು, ಬಾಕ್ಸು ಪುಟದಲ್ಲಿ ಎಲ್ಲಿದೆ ಎಂದು ಬ್ರೌಸರ್ ಟೆಸ್ಟಿನ ಕೋಡಿಗೆ ತಿಳಿಸುವ ಗುರುತೇ ಲೊಕೇಟರ್. ಸೈಟ್ ಚೆನ್ನಾಗಿದ್ದೂ ಟೆಸ್ಟ್ ಫೇಲಾದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಇಂಥ ಟೆಸ್ಟ್‌ಗಳನ್ನು ನಡೆಸುವ ಸೆಲೆನಿಯಂ ಎಂಬ ಟೂಲ್ ಹುಟ್ಟಿದ್ದು 2004ರಲ್ಲಿ, ಷಿಕಾಗೋದ ಥಾಟ್‌ವರ್ಕ್ಸ್ ಕಂಪನಿಯಲ್ಲಿ. ಸಿಬ್ಬಂದಿಯ ಸಮಯ, ಖರ್ಚು ದಾಖಲಿಸುವ ಒಳಬಳಕೆಯ ಆ್ಯಪ್ ಒಂದನ್ನು ಪರೀಕ್ಷಿಸಲೆಂದು ಜೇಸನ್ ಹಗಿನ್ಸ್ ಅದನ್ನು ಬರೆದರು.

ಲಾಗಿನ್ ಬಟನ್ನಿನ ಲೊಕೇಟರನ್ನು ನಲವತ್ತು ಟೆಸ್ಟ್‌ಗಳಲ್ಲಿ ಕಾಪಿ ಮಾಡಿಟ್ಟರೆ, ಡೆವಲಪರ್ ಅದರ ಐಡಿ ಬದಲಿಸಿದ ದಿನ ನಲವತ್ತೂ ಕೆಂಪು! ಇದಕ್ಕೆ ಮದ್ದು ‘ಪೇಜ್ ಆಬ್ಜೆಕ್ಟ್’. ಲೊಕೇಟರ್‌ಗಳೆಲ್ಲ ಒಂದು ಕ್ಲಾಸಿನೊಳಗೆ ಪ್ರೈವೇಟ್ ಆಗಿರುತ್ತವೆ. ಟೆಸ್ಟ್ ಬರೀ ‘ಲಾಗಿನ್ ಮಾಡು’ ಎನ್ನುತ್ತದೆ. ಹೆಸರಿನಲ್ಲಿ ‘ಪೇಜ್’ ಇದೆಯೆಂದು ಇಡೀ ಪುಟಕ್ಕೆ ಒಂದೇ ಕ್ಲಾಸ್ ಬರೆಯಬೇಕಿಲ್ಲ. ಹೆಡರಿಗೊಂದು, ಫೂಟರಿಗೊಂದು ಇರಲಿ ಎಂದು ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ 2013ರಲ್ಲೇ ಬರೆದಿದ್ದಾರೆ. ಆದರೂ ಸಾವಿರ ಸಾಲಿನ ‘ಹೋಮ್‌ಪೇಜ್’ ಕ್ಲಾಸ್‌ಗಳಿಗೇನೂ ಬರವಿಲ್ಲ.

ಸೆಲೆನಿಯಂನಲ್ಲಿ ಲೊಕೇಟರ್ ಬಗೆಗಳು ಮೂಲತಃ ಎಂಟು. ಕೋಡಿನಿಂದ ಬ್ರೌಸರ್ ನಡೆಸಲು ವೆಬ್ ಮಾನದಂಡ ಸಂಸ್ಥೆ ಡಬ್ಲ್ಯೂ3ಸಿ 2018ರಲ್ಲಿ ಒಪ್ಪಿದ ವೆಬ್‌ಡ್ರೈವರ್ ಮಾನದಂಡದಲ್ಲಿ ಐದೇ. ಐಡಿ, ನೇಮ್, ಕ್ಲಾಸ್‌ನೇಮ್ ಮೂರೂ ಒಳಗೊಳಗೇ ಸಿಎಸ್‌ಎಸ್ ಸೆಲೆಕ್ಟರ್ ಆಗಿಬಿಡುತ್ತವೆ. ಐಡಿ ವೇಗವೋ ಸಿಎಸ್‌ಎಸ್ ವೇಗವೋ ಎಂದು ಜಗಳವಾಡುವವರು ಗಮನಿಸಬೇಕು.

ಲೊಕೇಟರಿನ ಇನ್ನೊಂದು ಬಗೆ, ಪುಟದೊಳಗಿನ ದಾರಿಯನ್ನು ಬರೆದು ತೋರಿಸುವ ಎಕ್ಸ್‌ಪಾತ್. ಬ್ರೌಸರ್‌ಗಳಿಗೆ ಇಂದಿಗೂ ಗೊತ್ತಿರುವುದು 1999ರ ಎಕ್ಸ್‌ಪಾತ್ 1.0 ಮಾತ್ರ. ಅದರಲ್ಲೊಂದು ಬಲೆಯಿದೆ. ಕಾರ್ಟಿನ ಮೂರನೇ ಸಾಲನ್ನು ಹಿಡಿದು, ಅದರೊಳಗಿನ ಬಟನ್ ಹುಡುಕಲು ಎಕ್ಸ್‌ಪಾತನ್ನು // ಎಂದು ಶುರುಮಾಡಿದಿರೋ, ಹುಡುಕಾಟ ಆ ಸಾಲನ್ನು ಬಿಟ್ಟು ಇಡೀ ಪುಟದ ಮೊದಲಿನಿಂದ ಆರಂಭವಾಗುತ್ತದೆ. ಸಿಗುವುದು ಪುಟದ ಮೊದಲ ಬಟನ್ನು, ಎರರ್ ಕೂಡ ಬರುವುದಿಲ್ಲ. ಮುಂದೊಂದು ಚುಕ್ಕಿ ಇಟ್ಟು .// ಎಂದು ಬರೆದರೆ ಎಲ್ಲ ಸರಿ.

ಕ್ರೋಮಿನಲ್ಲಿ ‘ಕಾಪಿ ಫುಲ್ ಎಕ್ಸ್‌ಪಾತ್’ ಕೊಡುವ ಉದ್ದನೆಯ ಸಾಲು, ‘ಬಲಕ್ಕೆ ತಿರುಗಿ ಮೂರನೇ ಮನೆ’ ಎಂಬ ವಿಳಾಸವಿದ್ದಂತೆ. ನಡುವೆ ಒಂದು ಡಿವ್ ಸೇರಿದರೂ ದಾರಿ ತಪ್ಪುತ್ತದೆ. ಅದಕ್ಕಿಂತ ಡೆವಲಪರ್ ಹತ್ತಿರ ಟೆಸ್ಟಿಗೆಂದೇ ಒಂದು ‘ಡೇಟಾ-ಟೆಸ್ಟ್‌ಐಡಿ’ ಗುರುತು ಕೇಳಿ ಹಾಕಿಸಿಕೊಳ್ಳುವುದೇ ವಾಸಿ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರುವ ಸೈಟ್‌ಗಂತೂ ಇದು ಬೇಕೇ ಬೇಕು: ‘ಸಲ್ಲಿಸಿ’ ಎಂಬ ಅಕ್ಷರ ನೋಡಿ ಹುಡುಕುವ ಲೊಕೇಟರ್, ಭಾಷೆ ಬದಲಾದೊಡನೆ ಕುರುಡು.

ಒಂದು ಲೊಕೇಟರಿಗೆ ಎರಡು ಬಟನ್ ಸಿಕ್ಕರೆ ಸೆಲೆನಿಯಂ ತೆಪ್ಪಗೆ ಮೊದಲನೆಯದನ್ನು ಒತ್ತುತ್ತದೆ. 2020ರಲ್ಲಿ ಮೈಕ್ರೋಸಾಫ್ಟ್ ತಂದ ಇಂಥದೇ ಟೂಲ್ ಪ್ಲೇರೈಟ್ ಮಾತ್ರ ‘ಯಾವುದು?’ ಎಂದು ಟೆಸ್ಟನ್ನೇ ಫೇಲ್ ಮಾಡುತ್ತದೆ. ನನ್ನ ವೋಟು ಪ್ಲೇರೈಟಿಗೆ.