ದೂರದ ವಿಮಾನ ನಿಲ್ದಾಣ: ಉಳಿತಾಯವೆಷ್ಟು, ಆಯಾಸವೆಷ್ಟು?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಅನೇಕ ಮನೆಗಳಲ್ಲಿ ಇಂದು ಮಕ್ಕಳು ದೆಹಲಿ, ಮುಂಬೈಯಂಥ ಊರುಗಳಲ್ಲಿ ಕೆಲಸದಲ್ಲಿದ್ದಾರೆ. ವಯಸ್ಸಾದ ತಂದೆ ತಾಯಿ ಊರಿನಲ್ಲಿದ್ದಾರೆ. ಮೊಮ್ಮಗುವಿನ ನಾಮಕರಣಕ್ಕೋ, ಮಗಳ ಬಾಣಂತನಕ್ಕೋ, ಸುಮ್ಮನೆ ಒಂದು ತಿಂಗಳು ಜೊತೆಗಿರಲೋ ಹಿರಿಯರು ವಿಮಾನ ಹತ್ತುವುದು ಈಗ ಅಪರೂಪದ ಸಂಗತಿಯಲ್ಲ. ಟಿಕೆಟ್ ಮಾಡಿಸುವಾಗ ಮನೆಮಂದಿಯೆಲ್ಲ ನೋಡುವುದು ಮೊದಲು ಬೆಲೆಯನ್ನು. ದೂರದ ನಿಲ್ದಾಣದಿಂದ, ಅದೂ ಬೆಳಗಿನ ಜಾವ ಹೊರಡುವ ವಿಮಾನಕ್ಕೆ ಬೆಲೆ ಕಡಿಮೆ ಕಂಡರೆ ಅದನ್ನೇ ಹಿಡಿಯುತ್ತಾರೆ. 'ಒಂದ್ ರಾತ್ರಿ ನಿದ್ದೆಗೆಟ್ರೆ ಏನಾಯ್ತದೆ ಮಗಾ, ದುಡ್ಡಾದ್ರೂ ಉಳೀತದೆ' ಎಂದು ಹಿರಿಯರೂ ಒಪ್ಪಿಕೊಳ್ಳುತ್ತಾರೆ.

ಒಂದು ರಾತ್ರಿ ನಿದ್ದೆ ಕೆಟ್ಟರೆ ಏನಾಗುತ್ತದೆ? ಇಪ್ಪತ್ತೈದರ ಹರೆಯದವರಿಗೆ ಹೆಚ್ಚೇನೂ ಆಗದಿರಬಹುದು. ಅರವತ್ತೈದು ದಾಟಿ, ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇರುವವರಿಗೆ ಆಗುವುದು ಬೇರೆ. ಟಿಕೆಟ್ಟಿನಲ್ಲಿ ಉಳಿದ ಹಣವನ್ನು ಲೆಕ್ಕ ಹಾಕುವ ನಾವು ದೇಹ ತೆರುವ ಬೆಲೆಯನ್ನೂ ಅದರ ಪಕ್ಕದಲ್ಲಿ ಬರೆದುಕೊಳ್ಳಬೇಕು.

ನಮ್ಮವರ ಎದುರಿಗಿರುವ ಎರಡು ನಿಲ್ದಾಣಗಳು

2008ರ ಮೇ ತಿಂಗಳವರೆಗೆ ಬೆಂಗಳೂರಿನ ವಿಮಾನಗಳು ನಗರದೊಳಗಿನ ಎಚ್‌ಎಎಲ್ ನಿಲ್ದಾಣದಿಂದ ಹೊರಡುತ್ತಿದ್ದವು. ಆಮೇಲೆ ಅವು ದೇವನಹಳ್ಳಿಗೆ ಹೋದವು. ನಗರದ ಉತ್ತರಕ್ಕಿರುವ ಆ ನಿಲ್ದಾಣ ನೈರುತ್ಯ ದಿಕ್ಕಿನಿಂದ ಬರುವ ಮಂಡ್ಯದವರಿಗೆ ಮತ್ತಷ್ಟು ದೂರವಾಯಿತು. ಇಂದು ಮಂಡ್ಯದಿಂದ ಅಲ್ಲಿಗೆ ಸುಮಾರು 140 ಕಿಲೋಮೀಟರ್. ಮಾರ್ಚ್ 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯಿಂದ ಕೆಂಗೇರಿಯವರೆಗಿನ ದಾರಿ ಬೇಗ ಸಾಗುತ್ತದೆ ನಿಜ. ಆದರೆ ಅಲ್ಲಿಂದ ಮುಂದೆ ಇಡೀ ನಗರವನ್ನು ದಾಟುವುದೋ ಬಳಸುವುದೋ ಬಾಕಿ ಇರುತ್ತದೆ. ಹೊತ್ತು ತಿನ್ನುವುದು ಆ ಭಾಗವೇ.

ಇನ್ನೊಂದು, ಮೈಸೂರು-ನಂಜನಗೂಡು ರಸ್ತೆಯ ಮಂಡಕಳ್ಳಿ. ಮಂಡ್ಯ, ಮಳವಳ್ಳಿಗಳಿಂದ ಸುಮಾರು ಐವತ್ತು-ಅರವತ್ತು ಕಿಲೋಮೀಟರ್, ಮದ್ದೂರಿನಿಂದ ಸ್ವಲ್ಪ ಹೆಚ್ಚು. ಅದರ ಓಡುದಾರಿಯ ಉದ್ದ 1,740 ಮೀಟರ್ ಮಾತ್ರ ಆದ್ದರಿಂದ ಅಲ್ಲಿ ಎಟಿಆರ್‌ನಂಥ ಸಣ್ಣ ವಿಮಾನಗಳೇ ಇಳಿಯುತ್ತವೆ. ಹೊರಡುವ ವಿಮಾನಗಳೂ ಬೆರಳೆಣಿಕೆಯಷ್ಟು. ದೆಹಲಿ, ಮುಂಬೈಗೆ ಹೋಗುವವರು ಸಾಮಾನ್ಯವಾಗಿ ನಡುವೆ ಹೈದರಾಬಾದಿನಂಥ ಊರಿನಲ್ಲಿ ಇಳಿದು ಬೇರೆ ವಿಮಾನ ಹತ್ತಬೇಕಾಗುತ್ತದೆ. ಹಾಗಾಗಿ ಹತ್ತಿರದ ನಿಲ್ದಾಣದ ಟಿಕೆಟ್ ಅನೇಕ ಸಲ ದುಬಾರಿ, ದೂರದ್ದು ಅಗ್ಗ.

ಮನೆಯಿಂದ ಮನೆಗೆ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮಳವಳ್ಳಿಯ ದಂಪತಿ ದೆಹಲಿಯ ಮಗನ ಮನೆಗೆ ಹೊರಟಿದ್ದಾರೆ. ದೇವನಹಳ್ಳಿಯಿಂದ ಬೆಳಿಗ್ಗೆ 6ಕ್ಕೆ ವಿಮಾನ. 4 ಗಂಟೆಗೆ ನಿಲ್ದಾಣದಲ್ಲಿರಬೇಕು. ರಾತ್ರಿ 1ಕ್ಕೆ ಮನೆ ಬಿಡಬೇಕು, ಹನ್ನೆರಡಕ್ಕೆಲ್ಲ ಏಳಬೇಕು. ಹೊರಡುವ ಗಡಿಬಿಡಿಯಲ್ಲಿ ಅಂದು ಬೇಗ ಮಲಗಿದರೂ ನಿದ್ದೆ ಹತ್ತುವುದಿಲ್ಲ. ದೆಹಲಿಯ ಮನೆ ಸೇರುವುದು ಬೆಳಿಗ್ಗೆ ಹತ್ತೂವರೆ. ಒಟ್ಟು ಒಂಬತ್ತೂವರೆ ಗಂಟೆ.

ಅದೇ ನಿಲ್ದಾಣದಿಂದ ಮಧ್ಯಾಹ್ನ 12ರ ವಿಮಾನ ಹಿಡಿದರೆ? ಬೆಳಿಗ್ಗೆ ನಗರದ ವಾಹನ ದಟ್ಟಣೆ ಇರುವುದರಿಂದ 6ಕ್ಕೆ ಹೊರಡಬೇಕು. ಮನೆ ಸೇರುವಾಗ ಸಂಜೆ ನಾಲ್ಕೂವರೆ. ಪ್ರಯಾಣ ಒಂದು ಗಂಟೆ ಹೆಚ್ಚೇ ಆಯಿತು. ಆದರೆ ರಾತ್ರಿಯ ನಿದ್ದೆ ಉಳಿಯಿತು, ತಿಂಡಿ ಊಟ ಹೊತ್ತಿಗೆ ಆಯಿತು, ಮಾತ್ರೆ ತಪ್ಪಲಿಲ್ಲ.

ಮಂಡಕಳ್ಳಿಯಿಂದ ಹೊರಟರೆ ರಸ್ತೆಯ ಮೇಲೆ ಒಂದೂವರೆ ಗಂಟೆ ಸಾಕು. ಆದರೆ ನಡುವೆ ಕಾಯುವುದು, ಎರಡನೇ ವಿಮಾನ ಎಲ್ಲ ಸೇರಿ ಒಟ್ಟು ಹನ್ನೊಂದು ಗಂಟೆ ಹಿಡಿಯಬಹುದು. ಹತ್ತಿರದ್ದೆಂದ ಮಾತ್ರಕ್ಕೆ ಅನುಕೂಲವೆಂದೂ ಅಲ್ಲ.

ಈ ಲೆಕ್ಕದಿಂದ ತಿಳಿಯುವುದೇನೆಂದರೆ, ಆರೋಗ್ಯದ ದೃಷ್ಟಿಯಿಂದ ಕಿಲೋಮೀಟರಿಗಿಂತ ಗಡಿಯಾರ ಮುಖ್ಯ. ದೂರದ ನಿಲ್ದಾಣ ತಾನಾಗಿ ಕೆಟ್ಟದ್ದಲ್ಲ. ದೂರದ ನಿಲ್ದಾಣಕ್ಕೆ ನಡುರಾತ್ರಿಯಲ್ಲಿ ಹೋಗುವುದು ಕೆಟ್ಟದ್ದು. ಅಗ್ಗದ ಟಿಕೆಟ್ಟಿನಲ್ಲಿ ಮಾರಾಟಕ್ಕಿರುವುದು ಬಹಳ ಸಲ ಆ ನಡುರಾತ್ರಿಯೇ.

ನಿದ್ದೆಗೆಟ್ಟ ದೇಹ

'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬ ಗಾದೆಯಿದೆ. ವಾಹನದಲ್ಲೇ ನಿದ್ದೆ ಮಾಡಿದರಾಯಿತು ಎನ್ನುವವರು ಹಿರಿಯರ ನಿದ್ದೆಯ ಸ್ವಭಾವವನ್ನು ಮರೆಯುತ್ತಾರೆ. ವಯಸ್ಸಾದಂತೆ ಆಳವಾದ ನಿದ್ದೆ ಕಡಿಮೆಯಾಗುತ್ತದೆ, ಸಣ್ಣ ಸದ್ದಿಗೂ ಎಚ್ಚರವಾಗುತ್ತದೆ. ಕುಳಿತಲ್ಲಿ ತೂಕಡಿಸುವುದು ಮಲಗಿ ನಿದ್ರಿಸುವುದಕ್ಕೆ ಸಮನಲ್ಲ.

ಒಂದೇ ರಾತ್ರಿಯ ನಿದ್ದೆ ಕಡಿಮೆಯಾದರೂ ದೇಹ ಇನ್ಸುಲಿನ್ನಿಗೆ ಸ್ಪಂದಿಸುವುದು ಮಂದವಾಗುತ್ತದೆ, ರಕ್ತದೊತ್ತಡ ಏರಬಹುದು. ತಲೆ ತಿರುಗಿ, ಹೆಜ್ಜೆ ತಪ್ಪಿ ಬೀಳುವ ಸಾಧ್ಯತೆಯೂ ಹೆಚ್ಚು. ನಿಲ್ದಾಣದ ನುಣುಪು ನೆಲ, ಚಲಿಸುವ ಮೆಟ್ಟಿಲು ಅಭ್ಯಾಸವಿಲ್ಲದ ಹಿರಿಯರಿಗೆ ಇದು ಸಣ್ಣ ಅಪಾಯವಲ್ಲ. ಮೂಳೆ ಸವೆದವರು ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಕಾದೀತು.

ವಾಹನ ಓಡಿಸುವವರ ಕಣ್ಣು

ಮನೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ವ್ಯಕ್ತಿಯೊಬ್ಬನಿದ್ದಾನೆ: ಕಾರು ಓಡಿಸುವವನು. ಹಗಲೆಲ್ಲ ಗದ್ದೆಯಲ್ಲೋ ಅಂಗಡಿಯಲ್ಲೋ ದುಡಿದ ಅಣ್ಣನ ಮಗ ರಾತ್ರಿ ದೊಡ್ಡಪ್ಪನನ್ನು ದೇವನಹಳ್ಳಿಗೆ ಬಿಟ್ಟು, ಬೆಳಗಾಗುವುದರೊಳಗೆ ಊರಿಗೆ ಹಿಂತಿರುಗುತ್ತಾನೆ. 1997ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಂತೆ, 17 ಗಂಟೆ ಎಚ್ಚರವಾಗಿದ್ದವರ ಚುರುಕುತನವು ರಕ್ತದಲ್ಲಿ ಶೇ 0.05ರಷ್ಟು ಮದ್ಯವಿರುವವರ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ದೇಶದಲ್ಲಿ ವಾಹನ ಚಾಲನೆಗೆ ಕಾನೂನು ಹಾಕಿರುವ ಮಿತಿ ಶೇ 0.03. ಅಂದರೆ ಬೆಳಿಗ್ಗೆ 6ಕ್ಕೆ ಎದ್ದು, ಮಲಗದೆ ರಾತ್ರಿ 1ಕ್ಕೆ ಸ್ಟೀರಿಂಗ್ ಹಿಡಿದವನು ಒಂದು ಹನಿ ಕುಡಿಯದಿದ್ದರೂ ಕುಡಿದವನಂತೆಯೇ!

ತೂಕಡಿಕೆಯಿಂದಾಗುವ ಅಪಘಾತಗಳು ಹೆಚ್ಚುವುದು ರಾತ್ರಿ 2ರಿಂದ ಬೆಳಿಗ್ಗೆ 6ರ ನಡುವೆ. ನೇರವಾದ, ತಿರುವಿಲ್ಲದ ಹೆದ್ದಾರಿಯಲ್ಲಿ ಮಂಪರು ಇನ್ನೂ ಬೇಗ ಕವಿಯುತ್ತದೆ. ಕಾಫಿ ಕುಡಿಯುವುದು, ಕಿಟಕಿ ತೆರೆಯುವುದು, ಹಾಡು ಹಾಕುವುದು ಇವು ನಿದ್ದೆಗೆ ಬದಲಿಯಲ್ಲ. ರಾತ್ರಿಯೇ ಹೋಗಬೇಕಾದರೆ ಹಗಲು ಮಲಗಿ ಎದ್ದ ಚಾಲಕ ಬೇಕು. ಮನೆಯವರೇ ಓಡಿಸುವುದಾದರೆ ಹಿಂದಿರುಗುವ ಮುನ್ನ ಎರಡು ಮೂರು ಗಂಟೆ ಮಲಗಿ ಬರುವ ಏರ್ಪಾಡಿರಬೇಕು.

ಕುಳಿತೇ ಇರುವ ಕಾಲುಗಳು

ಹೆಚ್ಚು ಹೊತ್ತು ಅಲುಗಾಡದೆ ಕುಳಿತರೆ ಕಾಲಿನ ಆಳದ ಅಭಿಧಮನಿಗಳಲ್ಲಿ ರಕ್ತದ ಹರಿವು ನಿಧಾನವಾಗಿ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಅಪಾಯ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರತಂದ ವರದಿಯಂತೆ, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತಿನ ಪ್ರಯಾಣದಲ್ಲಿ ಈ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ. ಗಾಬರಿ ಬೇಡ, ಆರೋಗ್ಯವಂತರಲ್ಲಿ ಇದು ಸುಮಾರು ಆರು ಸಾವಿರಕ್ಕೆ ಒಬ್ಬರಲ್ಲಿ ಮಾತ್ರ. ಆದರೆ ಇದು ವಿಮಾನಕ್ಕಷ್ಟೇ ಸೀಮಿತವಲ್ಲ. ಬಸ್ಸು, ಕಾರು, ರೈಲು ಯಾವುದರಲ್ಲೇ ಆದರೂ ಕುಳಿತೇ ಇದ್ದರೆ ಅಪಾಯ ಅದೇ.

'ವಿಮಾನ ಎರಡೂಮುಕ್ಕಾಲು ಗಂಟೆ ತಾನೆ' ಎಂದುಕೊಂಡರೆ ಸಾಲದು. ಮೂರು ಗಂಟೆ ಕಾರು, ಎರಡು ಗಂಟೆ ಕುರ್ಚಿ, ಮತ್ತೆ ವಿಮಾನ, ಮತ್ತೆ ಕಾರು ಎಲ್ಲವನ್ನೂ ಕೂಡಿಸಬೇಕು. ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಗರ್ಭಿಣಿಯರು, ಬಾಣಂತಿಯರು, ತೀರ ಸ್ಥೂಲಕಾಯದವರು, ಹಿಂದೆ ಇಂಥ ಹೆಪ್ಪು ಕಾಣಿಸಿಕೊಂಡವರು ಹೊರಡುವ ಮುನ್ನ ವೈದ್ಯರನ್ನು ಕೇಳಲೇಬೇಕು. ಪ್ರಯಾಣದ ನಂತರ ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋವಾದರೆ ಆಯಾಸವೆಂದು ಎಣ್ಣೆ ತಿಕ್ಕಿ ಸುಮ್ಮನಾಗಬಾರದು, ವೈದ್ಯರಿಗೆ ತೋರಿಸಬೇಕು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮಾತ್ರೆ, ಊಟ ಮತ್ತು ನೀರು

ಸಕ್ಕರೆ ಕಾಯಿಲೆಯವರು ಬೆಳಗಿನ ಜಾವ 3ಕ್ಕೇ ಅಂದಿನ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು ಬರೀ ಕಾಫಿ ಕುಡಿದರೆ, ತಿಂಡಿ ಸಿಗುವಷ್ಟರಲ್ಲಿ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಬೆವರು, ನಡುಕ, ಎದೆಬಡಿತ, ಮಾತು ತೊದಲುವುದು ಇದರ ಲಕ್ಷಣಗಳು. ಕೂಡಲೇ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. 108ಕ್ಕೆ ಕರೆ ಮಾಡಬೇಕು.

ಇನ್ಸುಲಿನ್ನನ್ನು ಸಾಮಾನಿನ ಪೆಟ್ಟಿಗೆಯಲ್ಲಿಟ್ಟು ವಿಮಾನದ ಹೊಟ್ಟೆಗೆ ಕಳಿಸಬಾರದು. ಅಲ್ಲಿನ ಚಳಿಗೆ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು, ಪೆಟ್ಟಿಗೆ ಕಳೆದುಹೋದರೆ ಎಲ್ಲವೂ ಹೋಯಿತು. ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇರಲಿ.

ಇನ್ನು ನೀರು. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ಹಿರಿಯರು, ಅದರಲ್ಲೂ ಹೆಂಗಸರು, ಹಿಂದಿನ ರಾತ್ರಿಯಿಂದಲೇ ನೀರು ಬಿಡುತ್ತಾರೆ. ಈಗಿನ ಹೆದ್ದಾರಿ ಮದ್ದೂರು ಪೇಟೆಗೆ ಇಳಿಯದೆಯೇ ಸಾಗುವುದರಿಂದ, ಹಿಂದಿನಂತೆ ವಡೆ ತಿನ್ನುವ ನೆಪದಲ್ಲಿ ಇಳಿದು ಕಾಲಾಡಿಸುವುದೂ ತಪ್ಪಿದೆ. ವಿಮಾನದೊಳಗಿನ ಗಾಳಿಯಾದರೋ ತುಂಬ ಒಣ. ನೀರು ಬಿಟ್ಟು, ಮೂತ್ರ ಕಟ್ಟಿಕೊಂಡರೆ ಉರಿಮೂತ್ರ, ತಲೆಸುತ್ತು, ಮಲಬದ್ಧತೆ ಬರುತ್ತವೆ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಪ್ರಯಾಣದ ದಿನ ಅದನ್ನು ಯಾವ ಹೊತ್ತಿಗೆ ನುಂಗಬೇಕೆಂದು ವೈದ್ಯರನ್ನು ಕೇಳಿ ತಿಳಿಯಬೇಕು, ತಾವಾಗಿಯೇ ನಿಲ್ಲಿಸಬಾರದು.

ಇಳಿಯುವ ಊರಿನಲ್ಲೂ ಎರಡು

ಹೋಗುವ ಊರಿನಲ್ಲೂ ಇದೇ ಪ್ರಶ್ನೆ ಬರುತ್ತದೆ. ದೆಹಲಿಗೆ ಮುಖ್ಯ ನಿಲ್ದಾಣವಲ್ಲದೆ ಗಾಜಿಯಾಬಾದಿನ ಹಿಂಡನ್ ಇದೆ. ಮುಂಬೈಗೆ 2025ರಲ್ಲಿ ನವಿ ಮುಂಬೈ ನಿಲ್ದಾಣ ಸೇರಿಕೊಂಡಿದೆ. ಇಲ್ಲಿ ನೋಡಬೇಕಾದ್ದು ನಗರದ ಮಧ್ಯಕ್ಕೆ ಎಷ್ಟು ದೂರ ಎಂಬುದನ್ನಲ್ಲ, ಮಕ್ಕಳ ಮನೆಗೆ ಎಷ್ಟು ದೂರ ಎಂಬುದನ್ನು. ಮಗಳ ಮನೆ ಪನ್ವೇಲಿನಲ್ಲಿದ್ದರೆ ನವಿ ಮುಂಬೈಯೇ ಹತ್ತಿರ. ಬೊರಿವಲಿಯಲ್ಲಿದ್ದರೆ ಉಳಿದ ಹಣ ಟ್ಯಾಕ್ಸಿಗೆ ಹೋದೀತು, ಸೊಂಟವೂ ನೊಂದೀತು.

ಯಾರಿಗೆ ಯಾವುದು?

ನಲವತ್ತರೊಳಗಿನ ಆರೋಗ್ಯವಂತರು ದೂರದ ಅಗ್ಗದ ನಿಲ್ದಾಣವನ್ನು ಧಾರಾಳವಾಗಿ ಆರಿಸಬಹುದು. ಕಾಯಿಲೆ ಹತೋಟಿಯಲ್ಲಿರುವ, ಚೆನ್ನಾಗಿ ಓಡಾಡುವ ಹಿರಿಯರೂ ಹೋಗಬಹುದು, ಆದರೆ ಹಗಲಿನ ವಿಮಾನಕ್ಕೆ. ಮಂಡ್ಯ, ಮದ್ದೂರಿನವರಿಗೆ ರೈಲಿನ ಅನುಕೂಲವಿದೆ. ಎದ್ದು ಓಡಾಡಲು ಜಾಗ, ಶೌಚಾಲಯ ಎರಡೂ ಇರುತ್ತವೆ. ಬೆಂಗಳೂರಿನಲ್ಲಿಳಿದು ಮೆಜೆಸ್ಟಿಕ್‌ನಿಂದ ಬಿಎಂಟಿಸಿಯ ವಾಯುವಜ್ರ ಬಸ್ಸು ಹಿಡಿಯಬಹುದು. ಬೆಳಗಿನ ವಿಮಾನವೇ ಅನಿವಾರ್ಯವಾದರೆ ಹಿಂದಿನ ದಿನವೇ ಬೆಂಗಳೂರಿನ ನೆಂಟರ ಮನೆ ಸೇರಿ ಮಲಗುವುದು ಜಾಣತನ.

ಮಂಡಿನೋವಿನವರು, ಪದೇ ಪದೇ ಮೂತ್ರಕ್ಕೆ ಹೋಗಬೇಕಾದವರು, ಕಾರಿನಲ್ಲಿ ವಾಂತಿಯಾಗುವವರು ಹೆಚ್ಚು ಹಣ ಕೊಟ್ಟಾದರೂ ಮಂಡಕಳ್ಳಿಯನ್ನು ಯೋಚಿಸಬೇಕು. ಆದರೆ ಎರಡೂ ವಿಮಾನಗಳಿಗೆ ಒಂದೇ ಟಿಕೆಟ್ ಇರಲಿ, ನಡುವೆ ಕನಿಷ್ಠ ಎರಡು ಗಂಟೆ ಬಿಡುವಿರಲಿ. ಹೃದಯ, ಶ್ವಾಸಕೋಶದ ಕಾಯಿಲೆಯವರು ಯಾವ ನಿಲ್ದಾಣವಾದರೂ ಮೊದಲು ವೈದ್ಯರ ಸಲಹೆ ಪಡೆಯಬೇಕು. ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು ಕಡಿಮೆ. ಅಷ್ಟರಮಟ್ಟಿಗೆ ಆಮ್ಲಜನಕವೂ ಕಡಿಮೆ.

ಹೊರಡುವ ಮುನ್ನ

* ವಾರಕ್ಕೆ ಮುಂಚೆ ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೋ, ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲೋ ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಿ.

* ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಮಾಡಿಸುವಾಗಲೇ ಕೇಳಿ. ಕನಿಷ್ಠ 48 ಗಂಟೆ ಮುಂಚೆ ತಿಳಿಸಿ.

* ಮಾತ್ರೆಗಳು, ಚೀಟಿ, ಸ್ವಲ್ಪ ಬಿಸ್ಕತ್ತು, ಬಾಳೆಹಣ್ಣು ಕೈಚೀಲದಲ್ಲಿರಲಿ.

* ಕಾರನ್ನು ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ ಐದು ನಿಮಿಷ ನಡೆಯಿರಿ. ಕುಳಿತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸಿ.

* ನೀರನ್ನು ಗುಟುಕು ಗುಟುಕಾಗಿ ಆಗಾಗ ಕುಡಿಯಿರಿ.

* ಹೆದ್ದಾರಿಯಲ್ಲಿ ತೊಂದರೆಯಾದರೆ 1033ಕ್ಕೆ ಕರೆ ಮಾಡಿ.

ಟಿಕೆಟ್ ಮಾಡಿಸುವ ಮಕ್ಕಳಿಗೆ ಕೊನೆಯದಾಗಿ ಒಂದು ಮಾತು. ಬೆಲೆ ನೋಡಿದ ಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ: ಅಪ್ಪ ಅಮ್ಮ ಅಂದು ಎಷ್ಟು ಹೊತ್ತಿಗೆ ಏಳಬೇಕು? ತಿಂಡಿ ಎಲ್ಲಿ, ಎಷ್ಟು ಹೊತ್ತಿಗೆ ತಿನ್ನುತ್ತಾರೆ? ಅವರನ್ನು ಬಿಡಲು ಬಂದವನು ಹಿಂದಿರುಗುವ ಮುನ್ನ ಎಲ್ಲಿ ಮಲಗುತ್ತಾನೆ? ಮೂರಕ್ಕೂ ಸರಿಯಾದ ಉತ್ತರವಿದ್ದರೆ ಅಗ್ಗದ ಟಿಕೆಟ್ ನಿಜಕ್ಕೂ ಅಗ್ಗ. ಇಲ್ಲದಿದ್ದರೆ ಸಾವಿರ ರೂಪಾಯಿ ಹೆಚ್ಚು ಕೊಟ್ಟು ಹಗಲಿನ ವಿಮಾನ ಹಿಡಿಸಿ. ಹಿರಿಯರು ತಾವಾಗಿ ಅದನ್ನು ಕೇಳುವುದಿಲ್ಲ; ನೀವೇ ತಿಳಿದು ಮಾಡಬೇಕು.