ಕರುಳಿಗೆ ಕ್ಯಾನ್ಸರ್, ಎದೆಗೆ ಯಾಕೆ ನೋವು?

ಒಂದು ಸಂಜೆ ನಮ್ಮ ಕೇಂದ್ರದಲ್ಲಿ ‘ಕರುಳು’ ಎಂಬ ಪದ ಬರೆಸುತ್ತಿದ್ದೆ. ಒಬ್ಬ ಅಕ್ಕ ಪಾಟಿ ಕೆಳಗಿಟ್ಟು ಕೇಳಿದರು: “ಅಕ್ಕೋರ, ನಮ್ಮ ಮಾವಗ ಕ್ಯಾನ್ಸರ್ ಆಗಿದ್ದು ಕರುಳಾಗ. ಮತ್ತ ಎದಿ ಯಾಕ ನೋಯಬೇಕ್ರಿ?”

ಅವರ ಮಾವನಿಗೆ ದೊಡ್ಡ ಕರುಳಿನ ಆಪರೇಶನ್ ಆಗಿತ್ತು. ಮನೆಗೆ ಬಂದ ಕೆಲವು ದಿನಕ್ಕೆ ದಮ್ಮು ಹತ್ತಿತು. ಎದೆಯಲ್ಲಿ ಚುಚ್ಚಿದ ಹಾಗೆ ನೋವು. “ಗ್ಯಾಸ್ ಆಗ್ಯಾದ” ಅಂತ ಮನೆಯವರು ಅಜವಾನ ಕೊಟ್ಟರು. ಎರಡು ದಿನ ಹಾಗೇ ಹೋಯಿತು. ಕಡೆಗೆ ದವಾಖಾನೆಗೆ ಒಯ್ದರು, ಪುಣ್ಯಕ್ಕೆ ಉಳಿದರು. ಅವರ ತೊಂದರೆ ಗ್ಯಾಸ್ ಅಲ್ಲ, ಕಾಲಿನಿಂದ ಬಂದದ್ದು!

ಕಾಲಿನಿಂದ ಎದೆಗೆ ಹೇಗೆ? ಹೇಳುತ್ತೇನೆ. ಹಾಲಿಗೆ ಹೆಪ್ಪು ಹಾಕಿದರೆ ಹಾಲು ಗಟ್ಟಿಯಾಗುತ್ತದೆ. ಕ್ಯಾನ್ಸರ್ ಇದ್ದವರ ರಕ್ತಕ್ಕೂ ಹಾಗೆ ಗಟ್ಟಿಯಾಗುವ ಗುಣ ಹೆಚ್ಚು. ಆಪರೇಶನ್ ಆಗಿ ಹಾಸಿಗೆ ಹಿಡಿದರೆ ಇನ್ನೂ ಹೆಚ್ಚು. ಮೀನಖಂಡದ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಒಂದೇ ಕಾಲು ಬಾಯುತ್ತದೆ, ಬಿಸಿಯಾಗುತ್ತದೆ, ನೋಯುತ್ತದೆ. ಆ ಗಡ್ಡೆ ಕಿತ್ತು ರಕ್ತದ ಜೊತೆ ಮೇಲೆ ಹೋಗುತ್ತದೆ. ಹೃದಯ ದಾಟಿ ಪುಪ್ಪುಸದ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಒಮ್ಮೆಲೇ ದಮ್ಮು ಬರುತ್ತದೆ. ಉಸಿರು ಎಳೆದಾಗ ಎದೆ ಚುಚ್ಚುತ್ತದೆ. ಕೆಲವರಿಗೆ ಕೆಮ್ಮಿನಲ್ಲಿ ರಕ್ತ ಬೀಳುತ್ತದೆ, ಕೆಲವರು ತಲೆ ತಿರುಗಿ ಬೀಳುತ್ತಾರೆ. ತಡಮಾಡಿದರೆ ಜೀವಕ್ಕೇ ಅಪಾಯ.

ಇದು ಹೊಸ ಸಂಗತಿ ಅಲ್ಲ. ಫ್ರಾನ್ಸ್ ದೇಶದ ಟ್ರುಸೋ ಎಂಬ ವೈದ್ಯರು 1865ರಲ್ಲೇ ಕ್ಯಾನ್ಸರ್‌ಗೂ ರಕ್ತ ಹೆಪ್ಪುಗಟ್ಟುವುದಕ್ಕೂ ಸಂಬಂಧ ಇದೆ ಎಂದು ಹೇಳಿದ್ದರು. ಮುಂದೆ ಅವರಿಗೂ ಹಾಗೇ ರಕ್ತ ಹೆಪ್ಪುಗಟ್ಟಿತು. 1867ರಲ್ಲಿ ಹೊಟ್ಟೆಯ ಕ್ಯಾನ್ಸರ್‌ನಿಂದಲೇ ತೀರಿಕೊಂಡರು.

ಬಾತ ಕಾಲನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ. ನಮ್ಮ ಕಡೆ ಇದೊಂದು ಕೆಟ್ಟ ರೂಢಿ. ಗಡ್ಡೆ ಕಿತ್ತು ಹೊರಡಬಹುದು. ದವಾಖಾನೆಯಲ್ಲಿ ಸ್ಕ್ಯಾನ್ ಮಾಡಿ, ರಕ್ತ ತೆಳುವಾಗಿಸುವ ಇಂಜೆಕ್ಷನ್, ಗುಳಿಗೆ ಕೊಡುತ್ತಾರೆ. ಆ ಗುಳಿಗೆ ತಿನ್ನುವಾಗ ಮಲ ಕಪ್ಪಾದರೆ, ರಕ್ತ ಬಿದ್ದರೆ ಕೂಡಲೇ ಹೇಳಬೇಕು.

ಎದೆ ನೋವಿಗೆ ಇನ್ನೊಂದು ಕಾರಣ ಔಷಧವೇ ಇರಬಹುದು. ಕರುಳಿನ ಕ್ಯಾನ್ಸರ್‌ಗೆ ಫ್ಲೂರೋಯುರಾಸಿಲ್ ಎಂಬ ಔಷಧವನ್ನು ಸಲೈನ್ ಮೂಲಕ ಕೊಡುತ್ತಾರೆ. ಅದನ್ನೇ ‘ಫೈವ್ ಎಫ್‌ಯು’ ಅನ್ನುವುದು. ಮನೆಯಲ್ಲಿ ತಿನ್ನುವ ಕೇಪ್‌ಸೈಟಬೀನ್ ಗುಳಿಗೆಯೂ ಮೈಯೊಳಗೆ ಹೋಗಿ ಅದೇ ಔಷಧವಾಗುತ್ತದೆ. ಒಳ್ಳೆಯ ಔಷಧ, ಬಹಳ ಜನರನ್ನು ಉಳಿಸಿದೆ. ಆದರೆ ಕೆಲವೇ ಕೆಲವರಿಗೆ ಹೃದಯದ ರಕ್ತನಾಳ ಇದರಿಂದ ಹಿಂಡಿದಂತೆ ಬಿಗಿಯಾಗುತ್ತದೆ. ಮೊದಲು ಹೃದಯದ ರೋಗ ಇಲ್ಲದವರಿಗೂ ಹೀಗಾಗಬಹುದು. ಬಹಳ ಮಟ್ಟಿಗೆ ಔಷಧ ಶುರುವಾದ ಮೊದಲ ಕೆಲವು ದಿನಗಳಲ್ಲೇ ಆಗುತ್ತದೆ. ಎದೆ ಬಿಗಿದರೆ ಮುಂದಿನ ಗುಳಿಗೆ ನುಂಗದೆ ದವಾಖಾನೆಗೆ ಹೊರಡಿ. ಚೀಟಿ, ಗುಳಿಗೆ ಜೊತೆಗೇ ಇರಲಿ. ಔಷಧ ನಿಲ್ಲಿಸಿ ಚಿಕಿತ್ಸೆ ಕೊಟ್ಟರೆ ಹೆಚ್ಚಿನವರಿಗೆ ಗುಣವಾಗುತ್ತದೆ. ಮುಂದೆ ಯಾವ ಔಷಧ ಎಂಬುದನ್ನು ಡಾಕ್ಟರೇ ಹೇಳಬೇಕು.

ಕೆಲವೊಮ್ಮೆ ಹೃದಯವೇ ಮೊದಲು ಕೂಗುತ್ತದೆ. ಕರುಳಿನಲ್ಲಿರುವ ಒಂದು ಜಾತಿಯ ರೋಗಾಣು ರಕ್ತಕ್ಕೆ ಸೇರಿ ಹೃದಯದ ಕವಾಟದ ಮೇಲೆ ಕೂರುತ್ತದೆ. ವಾರಗಟ್ಟಲೆ ಜ್ವರ ಬಿಡುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಈ ರೋಗಾಣು ಕಂಡರೆ ಡಾಕ್ಟರರು ಕರುಳಿನೊಳಗೂ ಕ್ಯಾಮೆರಾ ಇಟ್ಟು ನೋಡುತ್ತಾರೆ. ಯಾಕೆಂದರೆ ಅಲ್ಲಿ ಗಡ್ಡೆ ಅಡಗಿರಬಹುದು. ಇದನ್ನು 1951ರಷ್ಟು ಹಿಂದೆಯೇ ವೈದ್ಯರು ಬರೆದಿಟ್ಟಿದ್ದಾರೆ. “ಜ್ವರಕ್ಕೆ ಬಂದ್ರ ಕರುಳು ಯಾಕ ನೋಡ್ತಾರ?” ಅಂತ ಸಿಟ್ಟಾಗಬೇಡಿ.

ಇನ್ನು, ಕರುಳಿನಿಂದ ದಿನಾ ಸ್ವಲ್ಪ ಸ್ವಲ್ಪ ರಕ್ತ ಹೋಗಿ ಮೈ ಬಿಳಿಚಿಕೊಂಡವರಿಗೂ ದಮ್ಮು, ಎದೆ ಬಡಿತ ಬರುತ್ತದೆ.

ಎಲ್ಲ ರೋಗಿಗಳಿಗೂ ಇವು ಬರುವುದಿಲ್ಲ. ಬಂದಾಗ ಮಾತ್ರ ಡಾಕ್ಟರಿಗೆ ತಿಳಿಯುವಂತೆ ಹೇಳಬೇಕು. ಸೊಲ್ಲಾಪುರದ ದವಾಖಾನೆಗಳಲ್ಲಿ ಮರಾಠಿ ನಡೆಯುತ್ತದೆ, ಅಕ್ಕಲಕೋಟೆ, ಜತ್ತಿನ ನಮ್ಮ ಹಿರಿಯರಿಗೆ ಬಾಯಿ ಬರುವುದಿಲ್ಲ. ಅದಕ್ಕೆ ಆ ದಿನ ಪಾಟಿಯ ಮೇಲೆ ಎರಡು ಸಾಲು ಬರೆಸಿದೆ. ಎದೆ ನೋವಿಗೆ “ಛಾತೀತ್ ದುಖತಂಯ್.” ದಮ್ಮಿಗೆ “ದಮ್ ಲಾಗತೋಯ್.” ಕೆಳಗೆ ಆಂಬುಲೆನ್ಸ್ ನಂಬರು, 108. ಆ ಅಕ್ಕ ಮೂರನ್ನೂ ಮನೆಯ ಗೋಡೆಗೆ ಸುಣ್ಣದಲ್ಲಿ ಬರೆದುಕೊಂಡಿದ್ದಾರೆ.